ಇನ್ಸಾಟ್-೧ಬಿ: ಒಂದು ಉಪಗ್ರಹದ ಸೇವಾವೃತ್ತಾಂತ

ಅರಸರ ಚರಿತ್ರೆಯನ್ನು ಬರೆಯುವವರಿದ್ದಾರೆ. ಕೋಟೆಕೊತ್ತಲಗಳ ಚರಿತ್ರೆಯನ್ನು ಬರೆಯುವವರೂ ಇದ್ದಾರೆ. ಯಂತ್ರದ ಚರಿತ್ರೆಯನ್ನು ಬರೆಯುವವರು ಮಾತ್ರ ವಿರಳ. ಕೆಟ್ಟು ನಿಂತ ದಿನ ಯಂತ್ರದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ನೆಟ್ಟಗೆ ನಡೆದಷ್ಟು ಕಾಲ ಅದನ್ನು ಕೇಳುವವರಿಲ್ಲ. ಊರು ಬಿಟ್ಟು ಬಂದು ಪುಣೆಯಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರ ಮನೆಗಳಿಗೂ, ನಾವು ಬಿಟ್ಟುಬಂದ ಊರುಗಳಿಗೂ ಏಳು ವರ್ಷಗಳ ಕಾಲ ಸದ್ದಿಲ್ಲದೆ ಸೇವೆ ಸಲ್ಲಿಸಿದ ಯಂತ್ರವೊಂದಿತ್ತು. ಅದರ ಹೆಸರು ಇನ್ಸಾಟ್-೧ಬಿ. ರಾಜ್ಯೋತ್ಸವದ ಸಂಚಿಕೆಯಲ್ಲಿ ಉಪಗ್ರಹದ ಕಥೆ ಏಕೆಂದು ವಾಚಕರು ಕೇಳಬಹುದು. ಅದು ಹುಟ್ಟಿದ್ದು ಅಮೆರಿಕದಲ್ಲಿ, ಆಕಾಶಕ್ಕೇರಿದ್ದು ಅಮೆರಿಕದ ನೌಕೆಯಲ್ಲಿ, ನಿಜ. ಆದರೆ ಹಗಲಿರುಳು ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಸಾಕಿದ್ದು ನಮ್ಮ ಹಾಸನ. ಆದಕಾರಣ ಅದರ ಸೇವಾವೃತ್ತಾಂತವನ್ನು ಕನ್ನಡದಲ್ಲಿ ಒಮ್ಮೆ ಬರೆದಿಡುವುದು ಅನುಚಿತವಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲು ಈ ಬಗೆಯ ಉಪಗ್ರಹವೆಂದರೇನು ಎಂಬುದನ್ನು ನೋಡೋಣ. ಭೂಮಿಯನ್ನು ಸುತ್ತುವ ವಸ್ತು ಎಷ್ಟು ಎತ್ತರದಲ್ಲಿರುತ್ತದೆಯೋ ಅದರ ಸುತ್ತು ಅಷ್ಟು ನಿಧಾನ. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿರುವುದು ಒಂದೂವರೆ ಗಂಟೆಗೆ ಒಂದು ಸುತ್ತು ಮುಗಿಸಿದರೆ, ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಕಿಲೋಮೀಟರ್ ದೂರದ ಚಂದ್ರನಿಗೆ ಇಪ್ಪತ್ತೇಳು ದಿನ ಬೇಕು. ಇವೆರಡರ ನಡುವೆ, ಭೂಮಧ್ಯರೇಖೆಯ ಮೇಲೆ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿ, ಒಂದು ಸುತ್ತಿಗೆ ೨೩ ಗಂಟೆ ೫೬ ನಿಮಿಷ ೪ ಸೆಕೆಂಡು ಹಿಡಿಯುತ್ತದೆ. ಭೂಮಿ ತನ್ನ ಸುತ್ತ ತಾನು ತಿರುಗಲು ಹಿಡಿಯುವ ಕಾಲವೂ ಅಷ್ಟೇ. ಹೀಗಾಗಿ ಅಲ್ಲಿರುವ ಉಪಗ್ರಹ ಸೆಕೆಂಡಿಗೆ ಮೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿದ್ದರೂ ಕೆಳಗಿನಿಂದ ನೋಡುವವರಿಗೆ ಧ್ರುವನಂತೆ ನಿಂತಲ್ಲೇ ನಿಂತಂತಿರುತ್ತದೆ. ಅದರ ಕಡೆಗೆ ಒಮ್ಮೆ ತಿರುಗಿಸಿ ಬಿಗಿದಿಟ್ಟ ಆಂಟೆನಾವನ್ನು ಮತ್ತೆ ಅಲುಗಿಸಬೇಕಿಲ್ಲ. ಇಂಥ ಮೂರು ಠಾಣೆಗಳಿದ್ದರೆ ಹೆಚ್ಚುಕಡಿಮೆ ಇಡೀ ಭೂಮಂಡಲಕ್ಕೆ ಸುದ್ದಿ ಮುಟ್ಟಿಸಬಹುದೆಂದು ಇಂಗ್ಲೆಂಡಿನ ಆರ್ಥರ್ ಕ್ಲಾರ್ಕ್ ೧೯೪೫ರಲ್ಲಿಯೇ ಬರೆದಿದ್ದರು. ಆಗ ಆಕಾಶದಲ್ಲಿ ಮನುಷ್ಯ ಮಾಡಿದ ಒಂದು ಉಪಗ್ರಹವೂ ಇರಲಿಲ್ಲ. ೧೯೬೪ರ ಆಗಸ್ಟಿನಲ್ಲಿ ಸಿಂಕಾಮ್-೩ ಆ ನೆಲೆಯನ್ನು ಸೇರಿ, ಟೋಕಿಯೋ ಒಲಿಂಪಿಕ್ ಕ್ರೀಡೆಗಳ ಚಿತ್ರಗಳನ್ನು ಪೆಸಿಫಿಕ್ ಸಾಗರದಾಚೆಗೆ ದಾಟಿಸಿತು. ಮರುವರ್ಷ ಅರ್ಲಿ ಬರ್ಡ್ ಎಂಬ ಉಪಗ್ರಹದಿಂದ ಈ ಸೇವೆ ವ್ಯಾಪಾರವೂ ಆಯಿತು. ನಮ್ಮ ಪುಣೆ ಜಿಲ್ಲೆಯ ಆರ್ವಿಯಲ್ಲಿ ೧೯೭೦ರ ದಶಕದ ಮೊದಲಲ್ಲಿ ಎದ್ದ ಭೂಕೇಂದ್ರ ಹೊರದೇಶಗಳೊಡನೆ ಉಪಗ್ರಹದ ಮೂಲಕ ಮಾತನಾಡಲು ಭಾರತಕ್ಕೆ ದೊರೆತ ಮೊದಲ ಬಾಗಿಲು. ವಿಕ್ರಮ ಸಾರಾಭಾಯಿಯವರ ನೆನಪಿಗಾಗಿ ಅದಕ್ಕೆ ವಿಕ್ರಮ ಎಂದೇ ಹೆಸರಿಟ್ಟರು.

ಆಕಾಶದಿಂದ ಕನ್ನಡ ಮೊದಲು ಇಳಿದದ್ದು ಎಲ್ಲಿಗೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಬೆಂಗಳೂರಿಗಲ್ಲ, ಮೈಸೂರಿಗಲ್ಲ, ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ! ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷದ ಮಟ್ಟಿಗೆ ಅಮೆರಿಕ ತನ್ನ ಎಟಿಎಸ್-೬ ಎಂಬ ಉಪಗ್ರಹವನ್ನು ಭಾರತಕ್ಕೆ ಎರವಲು ಕೊಟ್ಟಿತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ತಂತಿಬಲೆಯ ದೊಡ್ಡ ಆಂಟೆನಾ ನೆಟ್ಟು ಊರಿಗೊಂದು ಟೆಲಿವಿಷನ್ ಪೆಟ್ಟಿಗೆ ಇರಿಸಿದರು. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಗಳು ಬರುವ ಏರ್ಪಾಡಿತ್ತು. ಬೇಸಾಯ, ಆರೋಗ್ಯ, ಶಾಲೆಯ ಪಾಠಗಳು ಕನ್ನಡದಲ್ಲಿ ಇಳಿದುಬಂದವು. ಪೇಟೆಗೆ ಬಾರದ ಟೆಲಿವಿಷನ್ ಹಳ್ಳಿಗೆ ಬಂದದ್ದು ಆ ಕಾಲದ ಒಂದು ವಿನೋದ. ಆದರೆ ಎರವಲು ಎರವಲೇ. ೧೯೭೬ರ ಜುಲೈ ೩೧ಕ್ಕೆ ಗಡುವು ಮುಗಿಯಿತು. ಅಮೆರಿಕ ತನ್ನ ಉಪಗ್ರಹವನ್ನು ತನ್ನ ಕಡೆಗೆ ಸರಿಸಿಕೊಂಡಿತು. ಊರವರು ನೆರೆದು ನೋಡುತ್ತಿದ್ದ ಪೆಟ್ಟಿಗೆಗೆ ಮೇಲಿನಿಂದ ಬರುತ್ತಿದ್ದ ಚಿತ್ರ ನಿಂತುಹೋಯಿತು. ಸ್ವಂತದ್ದೊಂದು ಬೇಕೆಂಬ ಮಾತಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿರಲಿಲ್ಲ.

ಸ್ವಂತದ್ದನ್ನು ಮಾಡುವ ಅಭ್ಯಾಸ ಬೆಂಗಳೂರಿನಲ್ಲಿ ನಡೆಯಿತು. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರು ಅಲ್ಲಿನ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದ ಕಾಲ ಅದು. ಕೈಗಾರಿಕೆಯ ಸಾಮಾನ್ಯ ಷೆಡ್ಡುಗಳಲ್ಲಿ ಆ್ಯಪಲ್ ಎಂಬ ೬೭೦ ಕಿಲೋಗ್ರಾಮಿನ ಪ್ರಾಯೋಗಿಕ ಉಪಗ್ರಹ ಸಿದ್ಧವಾಯಿತು. ಅದರ ಆಂಟೆನಾವನ್ನು ಪರೀಕ್ಷಿಸಲು ಲೋಹದ ಸೋಂಕು ಕಡಿಮೆ ಇರುವ ಪೀಠ ಬೇಕಾದಾಗ, ನಮ್ಮವರು ಮರದ ಎತ್ತಿನ ಗಾಡಿಯ ಮೇಲೆ ಅದನ್ನು ಇರಿಸಿ ಬಯಲಿಗೆ ಒಯ್ದರು. ಆ ಭಾವಚಿತ್ರ ಲೋಕಪ್ರಸಿದ್ಧ. ಅದನ್ನು ನೋಡಿ ನಕ್ಕವರೂ ಉಂಟು. ಆದರೆ ಗಾಡಿ ತನ್ನ ಕೆಲಸವನ್ನು ಮಾಡಿತು, ಉಪಗ್ರಹವೂ ಮಾಡಿತು. ೧೯೮೧ರ ಜೂನ್ ೧೯ರಂದು ಯೂರೋಪಿನ ಏರಿಯಾನ್ ರಾಕೆಟ್ಟಿನ ಪರೀಕ್ಷಾ ಹಾರಾಟದಲ್ಲಿ ಅದು ಮೇಲೇರಿತು. ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಳಸಿ, ದೂರದ ಬಿಸಿಲಿನಲ್ಲಿ ನಿಂತ ಯಂತ್ರವನ್ನು ನೆಲದಿಂದ ನಡೆಸುವ ವಿದ್ಯೆಯನ್ನು ನಮ್ಮವರು ಕಲಿತುಕೊಂಡರು.

ನಿಜವಾದ ದುಡಿಮೆಗೆಂದು ಇನ್ಸಾಟ್ ಮಾಲಿಕೆಯ ಮೊದಲ ನಾಲ್ಕು ಉಪಗ್ರಹಗಳನ್ನು ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿಯಿಂದ ಮಾಡಿಸಲಾಯಿತು. ಟೆಲಿಫೋನು, ಟೆಲಿವಿಷನ್, ಹವಾಮಾನ, ಹೀಗೆ ಮೂರು ಕೆಲಸಗಳನ್ನು ಒಂದೇ ಯಂತ್ರ ಮಾಡಬೇಕೆಂಬುದು ಭಾರತದ ಬೇಡಿಕೆ. ಮೂರು ಎತ್ತು ಕಟ್ಟಲು ಶಕ್ತಿಯಿಲ್ಲದ ಒಕ್ಕಲು ಒಂದೇ ಎತ್ತಿನಿಂದ ಉಳುಮೆ, ಗಾಡಿ, ಗಾಣ ಮೂರನ್ನೂ ನಡೆಸುವ ಬಗೆ ಇದು. ಮೊದಲನೆಯದಾದ ಇನ್ಸಾಟ್-೧ಎ ೧೯೮೨ರ ಏಪ್ರಿಲ್ ೧೦ರಂದು ಏರಿತು. ಆ ವರ್ಷದ ಆಗಸ್ಟ್ ೧೫ರಂದು ದೇಶ ಕಂಡ ಬಣ್ಣದ ಟೆಲಿವಿಷನ್ನಿಗೂ ಅದು ನೆರವಾಯಿತು. ಆದರೆ ಅದರ ಗ್ರಹಗತಿ ನೆಟ್ಟಗಿರಲಿಲ್ಲ. ಸಮತೋಲಕ್ಕೆಂದು ಇದ್ದ ಹಾಯಿ ಬಿಚ್ಚಿಕೊಳ್ಳದೆ, ಮೈಯನ್ನು ನೆಟ್ಟಗೆ ಹಿಡಿಯುವುದೇ ಕಷ್ಟವಾಯಿತು. ಕೊನೆಗೆ ಭೂಮಿಯ ಕಡೆಗಿನ ಗುರಿ ತಪ್ಪಿ, ಇಂಧನ ಬರಿದಾಗಿ, ಸೆಪ್ಟೆಂಬರ್ ೬ರಂದು ಅದನ್ನು ಕೈಬಿಡಬೇಕಾಯಿತು. ಏಳು ವರ್ಷ ಬಾಳಬೇಕಾದ ಕೂಸು ಐದೇ ತಿಂಗಳಿಗೆ ತೀರಿಕೊಂಡಿತು. ನವೆಂಬರಿನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದಾಗ ದೇಶಕ್ಕೆ ಇನ್ಸಾಟ್ ಇರಲಿಲ್ಲ.

ಹೀಗಿರಲು ಇನ್ಸಾಟ್-೧ಬಿಯ ಸರದಿ ಬಂದಿತು. ೧೯೮೩ರ ಆಗಸ್ಟ್ ೩೦ರಂದು ಫ್ಲಾರಿಡಾದಿಂದ ಚಾಲೆಂಜರ್ ಎಂಬ ನೌಕೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಾರಿತು. ಆ ಬಗೆಯ ನೌಕೆ ರಾತ್ರಿಯ ಹೊತ್ತು ಹಾರಿದ್ದು ಅದೇ ಮೊದಲು. ಮರುದಿನ ಉಪಗ್ರಹವನ್ನು ಹೊರಕ್ಕೆ ಬಿಟ್ಟರು. ಅಲ್ಲಿಂದ ಒಂದು ರಾಕೆಟ್ ಮೋಟರು ಅದನ್ನು ಉದ್ದನೆಯ ಕಕ್ಷೆಗೆ ತಳ್ಳಿತು. ಉಳಿದ ದಾರಿಯನ್ನು ಅದು ತನ್ನದೇ ಎಂಜಿನ್ ಉರಿಸಿ ಏರಬೇಕು. ಸುಮಾರು ೧,೧೫೦ ಕಿಲೋಗ್ರಾಮ್ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಧನವೇ. ಅದರ ಬಹುಪಾಲು ಈ ಏರಿಕೆಗೇ ಖರ್ಚು. ಮನೆ ಕಟ್ಟಿ ಮುಗಿಸುವಷ್ಟರಲ್ಲಿ ಗಂಟು ಕರಗಿ, ಉಳಿದ ಚಿಲ್ಲರೆಯಲ್ಲಿ ಸಂಸಾರ ನಡೆಸುವ ಪ್ರಸಂಗ ಇದಕ್ಕೂ ತಪ್ಪಿದ್ದಲ್ಲ.

ಎತ್ತರವೇನೋ ಸಿಕ್ಕಿತು. ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ಇನ್ಸಾಟಿಗೆ ಎರಡು ಪಕ್ಕಗಳಿಗೆ ಎರಡು ರೆಕ್ಕೆಗಳಿರಲಿಲ್ಲ. ದಕ್ಷಿಣಕ್ಕೆ ಮಾತ್ರ ಒಂದೇ ರೆಕ್ಕೆ. ಹವಾಮಾನದ ಕ್ಯಾಮರಾದ ಒಂದು ಭಾಗ ಸದಾ ತಣ್ಣಗಿರಬೇಕು. ಅದಕ್ಕಾಗಿ ಉತ್ತರದ ಪಕ್ಕ ಬರಿದಾದ ಆಕಾಶವನ್ನು ನೋಡುತ್ತಿರಬೇಕು, ಅಲ್ಲಿ ಫಲಕದ ಬಿಸಿ ತಟ್ಟಬಾರದು. ಬಿಸಿಲೂ ಮೆಲ್ಲನೆ ತಳ್ಳುತ್ತದೆಯಷ್ಟೆ. ಒಂದೇ ಕಡೆ ಫಲಕವಿದ್ದರೆ ಯಂತ್ರ ವಾಲುತ್ತದೆ. ಅದನ್ನು ಸರಿದೂಗಿಸಲು ಉತ್ತರಕ್ಕೆ ಉದ್ದನೆಯ ಕೋಲಿನ ತುದಿಯಲ್ಲಿ ಸಣ್ಣ ಹಾಯಿ. ಇಂಥ ರಚನೆಯಲ್ಲಿ ಆ ಒಂದೇ ರೆಕ್ಕೆ ಮಡಿಸಿಕೊಂಡೇ ಉಳಿದರೆ ಹನ್ನೆರಡು ಟೆಲಿಫೋನ್ ಟ್ರಾನ್ಸ್‌ಪಾಂಡರುಗಳಿಗೂ ಎರಡು ಟೆಲಿವಿಷನ್ ಟ್ರಾನ್ಸ್‌ಪಾಂಡರುಗಳಿಗೂ ವಿದ್ಯುತ್ತು ಎಲ್ಲಿಂದ? ಒಂದು ವರ್ಷದ ಹಿಂದೆ ಒಂದನ್ನು ಕಳೆದುಕೊಂಡವರ ಎದೆ ಹೇಗೆ ಡವಗುಟ್ಟಿರಬೇಕೆಂಬುದನ್ನು ಊಹಿಸಬಹುದು. ೧೯೮೨ರಲ್ಲಿ ಹಾಸನದಲ್ಲಿ ತೆರೆದಿದ್ದ ಮುಖ್ಯ ನಿಯಂತ್ರಣ ಕೇಂದ್ರದ ನಮ್ಮ ಎಂಜಿನಿಯರರೂ ಕಂಪನಿಯ ತಜ್ಞರೂ ಸೇರಿ ಎರಡು ವಾರ ಪ್ರಯತ್ನಪಟ್ಟರು. ಕೈಗೆಟುಕದ ಯಂತ್ರಕ್ಕೆ ಆಜ್ಞೆ ಕಳುಹಿಸುವುದು, ಉತ್ತರ ಕಾಯುವುದು, ಮತ್ತೆ ಕಳುಹಿಸುವುದು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ಬಿಚ್ಚಿಕೊಂಡಿತು! ಅಕ್ಟೋಬರಿನಲ್ಲಿ ಉಪಗ್ರಹ ಸೇವೆಗೆ ಹಾಜರಾಯಿತು. ಪೂರ್ವ ರೇಖಾಂಶ ೭೪ ಡಿಗ್ರಿಯ ನೇರಕ್ಕೆ, ಭೂಮಧ್ಯರೇಖೆಯ ಮೇಲೆ, ಅದರ ಠಾಣೆ. ಪುಣೆಯ ರೇಖಾಂಶವೂ ಹೆಚ್ಚುಕಡಿಮೆ ಅದೇ. ಅಂದರೆ ಅದು ನಮ್ಮ ಊರಿನ ನೇರ ದಕ್ಷಿಣದ ಆಕಾಶದಲ್ಲಿತ್ತು.

ಹಾಜರಾದ ಮೇಲೆ ಅದರ ದಿನಚರಿ ಏನು? ಕೆಳಗಿನಿಂದ ಒಂದು ಕಂಪನಾಂಕದಲ್ಲಿ ಬಂದ ಕ್ಷೀಣವಾದ ಅಲೆಯನ್ನು ಹಿಡಿದು, ಕಂಪನಾಂಕವನ್ನು ಬದಲಿಸಿ, ಬಲ ತುಂಬಿ, ಕೆಳಕ್ಕೆ ಕಳುಹಿಸುವುದು. ಬದಲಿಸದಿದ್ದರೆ ತಾನು ಕೂಗುವ ದನಿಯೇ ತನ್ನ ಕಿವಿಯನ್ನು ಕಿವುಡಾಗಿಸೀತು. ಒಂದೊಂದು ಟೆಲಿಫೋನ್ ಟ್ರಾನ್ಸ್‌ಪಾಂಡರಿನ ಬಲ ಕೆಲವೇ ವಾಟು. ದೇವರ ಮನೆಯ ಸಣ್ಣ ಬಲ್ಬಿನಷ್ಟು. ಮೇಲೆ ಹೋಗಿ ಕೆಳಗೆ ಬರಲು ಅಲೆಗೆ ಕಾಲು ಸೆಕೆಂಡು ಬೇಕು. ಉಪಗ್ರಹದ ದಾರಿಯಲ್ಲಿ ಟ್ರಂಕ್ ಕಾಲ್ ಮಾಡಿದವರಿಗೆ, ತಾವು ಮಾತು ಮುಗಿಸಿದ ಮೇಲೂ ಆ ಕಡೆಯವರು ಅರೆಗಳಿಗೆ ಸುಮ್ಮನಿರುವಂತೆ ತೋರುತ್ತಿದ್ದುದು ಇದರಿಂದಲೇ. ಅದು ಮುನಿಸಲ್ಲ, ದೂರ.

ಆದರೆ ಈ ಕೆಲಸಕ್ಕಿಂತ ಕಠಿನವಾದದ್ದು ನಿಂತಲ್ಲಿ ನಿಲ್ಲುವ ಕೆಲಸ. ಸೂರ್ಯಚಂದ್ರರು ತಮ್ಮ ಕಡೆಗೆ ಎಳೆದು ಕಕ್ಷೆಯನ್ನು ವರ್ಷಕ್ಕೆ ಸುಮಾರು ಒಂದು ಡಿಗ್ರಿಯವರೆಗೆ ಓರೆಮಾಡುತ್ತಾರೆ. ಬಿಟ್ಟರೆ ಉಪಗ್ರಹ ದಿನವೂ ಉತ್ತರಕ್ಕೂ ದಕ್ಷಿಣಕ್ಕೂ ತೂಗಾಡತೊಡಗಿ, ಬಿಗಿದಿಟ್ಟ ಆಂಟೆನಾಗಳ ದೃಷ್ಟಿಯಿಂದ ಜಾರಿಹೋಗುತ್ತದೆ. ಭೂಮಧ್ಯರೇಖೆಯೂ ಪೂರ್ತಿ ದುಂಡಗಿಲ್ಲವಾದ್ದರಿಂದ ಪೂರ್ವಪಶ್ಚಿಮವಾಗಿಯೂ ಸೆಳೆತವುಂಟು. ಇಡೀ ಕಕ್ಷೆಯಲ್ಲಿ ಈ ಸೆಳೆತ ಶಾಂತವಾಗುವ ನೆಲೆಗಳು ಎರಡೇ. ಅವುಗಳಲ್ಲೊಂದು ಪೂರ್ವದ ೭೫ ಡಿಗ್ರಿಯ ಬಳಿ. ನಮ್ಮ ೧ಬಿ ಅದರ ಪಕ್ಕದಲ್ಲೇ ಇತ್ತು. ಆ ಬಾಬಿನ ಖರ್ಚು ಅದಕ್ಕೆ ಅಲ್ಪ. ಸೂರ್ಯಚಂದ್ರರ ಬಾಬು ಮಾತ್ರ ಯಾರಿಗೂ ತಪ್ಪಿದ್ದಲ್ಲ. ಆಗಾಗ ಹಾಸನದಿಂದ ಆಜ್ಞೆ ಹೋಗಿ, ಸಣ್ಣ ಎಂಜಿನುಗಳು ಕೊಂಚ ಹೊತ್ತು ಉರಿದು, ಉಪಗ್ರಹ ಮತ್ತೆ ತನ್ನ ಮನೆಗೆ ಬರುತ್ತಿತ್ತು.

ಕೀರ್ದಿ ಖಾತೆಗಳ ನಡುವೆ ದಿನ ಕಳೆಯುವ ನಮಗೆ ಇದು ಬಲು ವಿಚಿತ್ರವಾದ ಖಾತೆಯೆಂದು ತೋರುತ್ತದೆ. ಆರಂಭದ ಶಿಲ್ಕು ಒಂದೇ ಬಾರಿ ಜಮಾ ಆಗುತ್ತದೆ. ಆಮೇಲೆ ಬರೀ ಖರ್ಚು. ಬಡ್ಡಿಯಿಲ್ಲ, ಸಾಲವಿಲ್ಲ, ಮರುಜಮೆಯಿಲ್ಲ. ಬೆಳಕು ದಿನವೂ ಬೀಳುತ್ತದೆ, ವಿದ್ಯುತ್ತಿಗೆ ಬಡತನವಿಲ್ಲ. ಇಂಧನ ಮಾತ್ರ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ನಮ್ಮಲ್ಲಿದೆ. ಉಪಗ್ರಹ ಕುಳಿತಲ್ಲೇ ಕುಳಿತಿರಲಿಕ್ಕೆ ಕುಡಿಕೆಯ ಹೊನ್ನು ಬೇಕು. ಆ ಹೊನ್ನು ಎಷ್ಟು ವರ್ಷವೋ ಅದರ ಆಯುಸ್ಸು ಅಷ್ಟು ವರ್ಷ. ಯಂತ್ರವೆಲ್ಲ ಗಟ್ಟಿಮುಟ್ಟಾಗಿದ್ದರೂ ಇಂಧನ ತೀರಿದ ದಿನ ನಿವೃತ್ತಿ.

ವರ್ಷಕ್ಕೆರಡು ಬಾರಿ ಇನ್ನೊಂದು ಪರೀಕ್ಷೆ. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವಗಳ ಆಸುಪಾಸಿನಲ್ಲಿ ಸುಮಾರು ನಲವತ್ತೈದು ದಿನ, ನಡುರಾತ್ರಿಯ ಹೊತ್ತಿಗೆ ಉಪಗ್ರಹ ಭೂಮಿಯ ನೆರಳಿಗೆ ಬೀಳುತ್ತದೆ; ದಿನಕ್ಕೆ ಹೆಚ್ಚೆಂದರೆ ೭೨ ನಿಮಿಷ. ಆ ಕತ್ತಲೆಯಲ್ಲಿ ಬ್ಯಾಟರಿಯೇ ಗತಿ. ಮಾರ್ಚಿನಲ್ಲಿಯೂ ಅಕ್ಟೋಬರಿನಲ್ಲಿಯೂ ಕೆಲವು ದಿನ ಹಗಲಿನಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಸೂರ್ಯನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗಿ ಚಿತ್ರ ಕೆಲವು ನಿಮಿಷ ಕೆಡುತ್ತದೆ. ಈಗಲೂ ಹಾಗೆಯೇ. ಅಂಥ ಹೊತ್ತಿನಲ್ಲಿ ಡಿಶ್ಶಿನವನನ್ನು ಬಯ್ಯುವ ಬದಲು ಮಕ್ಕಳನ್ನು ಕರೆದು ಈ ಸಂಗತಿಯನ್ನು ತಿಳಿಸಿದರೆ ಒಂದು ಪಾಠವಾದೀತು.

ಇನ್ನು ಅದು ದೇಶಕ್ಕೆ ಮಾಡಿದ ಉಪಕಾರ. ತಂತಿ ಎಳೆಯಲಾಗದ ಲೇಹ್, ಐಜಾಲ್, ಪೋರ್ಟ್ ಬ್ಲೇರ್, ಕವರತ್ತಿಯಂಥ ಊರುಗಳಿಗೆ ದೂರವಾಣಿ ಸಿಕ್ಕಿತು. ೧೯೮೪ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಟೆಲಿವಿಷನ್ ಪ್ರಸಾರ ಕೇಂದ್ರಗಳು ಊರೂರಿನಲ್ಲಿ ಎದ್ದವು. ಅವಕ್ಕೆಲ್ಲ ದೆಹಲಿಯ ಕಾರ್ಯಕ್ರಮವನ್ನು ಉಣಿಸುತ್ತಿದ್ದುದು ೧ಬಿ. ಅದೇ ವರ್ಷ ಆಗಸ್ಟ್ ೧೫ರಿಂದ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಪಾಠಗಳೂ ಬಂದವು. ಹವಾಮಾನ ಇಲಾಖೆಗೆ ಮೋಡಗಳ ಚಿತ್ರ ಹೊತ್ತು ಹೊತ್ತಿಗೆ ದೊರೆಯತೊಡಗಿತು. ೧೯೭೭ರ ನವೆಂಬರಿನಲ್ಲಿ ಆಂಧ್ರದ ಕರಾವಳಿಯನ್ನು ಹೊಡೆದ ಚಂಡಮಾರುತಕ್ಕೆ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಬಲಿಯಾಗಿದ್ದರು. ೧೯೯೦ರ ಮೇ ತಿಂಗಳಲ್ಲಿ ಅದೇ ಕರಾವಳಿಗೆ ಅಂಥದೇ ಘೋರ ಚಂಡಮಾರುತ ಬಂದಾಗ ಸತ್ತವರು ಸುಮಾರು ಒಂದು ಸಾವಿರ. ಅದೂ ಸಣ್ಣ ಸಂಖ್ಯೆಯಲ್ಲ. ರಾಡಾರುಗಳ, ಅಧಿಕಾರಿಗಳ, ಜನರನ್ನು ಮೊದಲೇ ಸ್ಥಳಾಂತರಿಸಿದವರ ಪಾಲೂ ಆ ರಕ್ಷಣೆಯಲ್ಲಿದೆ. ಆದರೆ ಮೇಲಿನಿಂದ ಬಿರುಗಾಳಿಯನ್ನು ಕಾಣುವ ಕಣ್ಣೊಂದು ಈ ಬಾರಿ ಇತ್ತೆಂಬುದನ್ನು ಮರೆಯಲಾಗದು.

ಕನ್ನಡದ ಪಾಲಿಗೆ ಬಂದದ್ದೆಷ್ಟು? ಇಲ್ಲಿ ನಾವು ಸ್ವಲ್ಪ ಖಾರವಾಗಿಯೇ ಲೆಕ್ಕ ಹೇಳಬೇಕು. ಟೆಲಿವಿಷನ್ನಿಗೆ ಇದ್ದ ದಾರಿ ಎರಡು, ಭಾಷೆಗಳೋ ಹಲವು. ದಾರಿಯನ್ನು ಮುಖ್ಯವಾಗಿ ಹಿಡಿದದ್ದು ದೆಹಲಿ. ಕರ್ನಾಟಕದ ಚಿಕ್ಕ ಊರುಗಳಲ್ಲಿ ಹೊಸ ಕಂಬಗಳಿಂದ ಇಳಿದದ್ದು ಬಹುಪಾಲು ಹಿಂದಿ. ಪುಣೆ, ಮುಂಬಯಿಗಳಲ್ಲಿದ್ದ ಕನ್ನಡ ಮನೆಗಳಿಗೆ ಬೆಂಗಳೂರಿನ ಕಾರ್ಯಕ್ರಮ ಮುಟ್ಟುವ ಬಗೆಯೇ ಇರಲಿಲ್ಲ. ಆದರೂ ಒಂದು ಸಮಾಧಾನ ಆ ದಾರಿಯಲ್ಲೇ ಬಂದಿತು. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ೧೯೮೬-೮೭ರ ಹೊತ್ತಿಗೆ ದೂರದರ್ಶನದಲ್ಲಿ ಬಂದಾಗ ಮಾತು ಹಿಂದಿಯದಾದರೂ, ಮಳೆ ಮಲೆನಾಡಿನದು, ಹೆಂಚು ಮಲೆನಾಡಿನದು, ಜಗಲಿಯೂ ನಟರಲ್ಲಿ ಅನೇಕರೂ ನಮ್ಮವರು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಆಗುಂಬೆಯ ಬೀದಿಯನ್ನು ತೋರಿಸಿದ ಕೀರ್ತಿಯಲ್ಲಿ ೧ಬಿಗೂ ಒಂದು ಪಾಲು ಸಲ್ಲಬೇಕು.

ಅಷ್ಟರಲ್ಲಿ ಅದಕ್ಕೆ ವಯಸ್ಸಾಗುತ್ತಿತ್ತು. ಭಾರ ಹಂಚಿಕೊಳ್ಳಬೇಕಾದವರು ಬರಲಿಲ್ಲ. ೧೯೮೮ರ ಜುಲೈನಲ್ಲಿ ಏರಿದ ಇನ್ಸಾಟ್-೧ಸಿ ವಿದ್ಯುತ್ ದೋಷದಿಂದ ಅರ್ಧ ಬಲ ಕಳೆದುಕೊಂಡು, ೧೯೮೯ರ ನವೆಂಬರಿನಲ್ಲಿ ಪೂರ್ತಿಯೇ ಕೈಬಿಟ್ಟುಹೋಯಿತು. ಇನ್ಸಾಟ್-೧ಡಿಯನ್ನು ೧೯೮೯ರ ಜೂನಿನಲ್ಲಿ ಹಾರಿಸಲು ಕೆಲವೇ ದಿನಗಳಿದ್ದಾಗ ಉಡಾವಣೆಯ ತಾಣದಲ್ಲಿ ಎತ್ತುಯಂತ್ರದ ಕೊಕ್ಕೆ ಬಡಿದು ಜಖಮ್ಮಾಯಿತು. ದುರಸ್ತಿಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅಕ್ಟೋಬರಿನ ಭೂಕಂಪದಲ್ಲಿ ಮತ್ತೆ ಪೆಟ್ಟಾಯಿತು. ಒಂದರ ಮೇಲೊಂದು ವಿಘ್ನ! ಈ ಅವಧಿಯಲ್ಲೆಲ್ಲ ದೇಶದ ಟೆಲಿವಿಷನ್ನೂ ಮೋಡದ ಚಿತ್ರಗಳೂ ಮುದುಕನ ಹೆಗಲ ಮೇಲೆ. ಹಾಸನದಲ್ಲಿ ಪಾಳಿಯ ಮೇಲೆ ಕುಳಿತವರು ಶಿಲ್ಕಿನಲ್ಲಿದ್ದ ಇಂಧನವನ್ನು ಜತನದಿಂದ ಬಳಸುತ್ತ ಅದನ್ನು ನಡೆಸಿಕೊಂಡು ಬಂದರು. ಕೊನೆಗೂ ೧೯೯೦ರ ಜೂನ್ ೧೨ರಂದು ೧ಡಿ ಏರಿ ಹೆಗಲು ಕೊಟ್ಟಿತು. ಎರಡೆರಡು ಪೆಟ್ಟು ತಿಂದ ಆ ಉಪಗ್ರಹವೇ ಮುಂದೆ ಹತ್ತು ವರ್ಷಕ್ಕೂ ಮಿಕ್ಕಿ ದುಡಿಯಿತು. ೧೯೯೨ರ ಜುಲೈ ೧೦ರಂದು ಬೆಂಗಳೂರಿನಲ್ಲೇ ಮಾಡಿದ ಇನ್ಸಾಟ್-೨ಎ ಬಂದಿತು, ಮರುವರ್ಷ ೨ಬಿ. ಅಂದಾಜಿನ ಏಳು ವರ್ಷಗಳನ್ನು ಪೂರೈಸಿದ ೧ಬಿ ಗೌರವದಿಂದ ಹಿಂದೆ ಸರಿಯಿತು.

ದಾರಿಗಳು ಹೆಚ್ಚಿದ ಮೇಲೆ ಕನ್ನಡಕ್ಕೂ ಜಾಗ ದೊರೆಯಿತು. ೧೯೯೦ರ ದಶಕದಲ್ಲಿ ಬೆಂಗಳೂರು ದೂರದರ್ಶನದ ಕನ್ನಡ ವಾಹಿನಿ ಉಪಗ್ರಹವನ್ನೇರಿತು. ಇಂದಿನ ಚಂದನ ಅದರ ಮುಂದುವರಿಕೆ. ೧೯೯೪ರಲ್ಲಿ ಉದಯ ಬಂದಿತು. ಪುಣೆಯ ಮನೆಯ ಮಗು ತಂದೆತಾಯಿಯರಲ್ಲದೆ ಬೇರೆಯವರ ಬಾಯಿಂದಲೂ ದಿನನಿತ್ಯ ಕನ್ನಡವನ್ನು ಕೇಳುವಂತಾದದ್ದು ಅಂದಿನಿಂದ. ೨೦೧೮ರ ಡಿಸೆಂಬರಿನಲ್ಲಿ ಏರಿದ ಜಿಸ್ಯಾಟ್-೧೧ರ ತೂಕ ೫,೮೫೪ ಕಿಲೋಗ್ರಾಮ್. ನಮ್ಮ ೧ಬಿಯಂಥ ಐದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟರೆ ಸಮವಾದೀತು. ಟೆಲಿಫೋನು ಬಹುಮಟ್ಟಿಗೆ ಗಾಜಿನ ಎಳೆಗಳ ದಾರಿ ಹಿಡಿದಿದೆ. ಹಾಸನಕ್ಕೆ ಜೊತೆಯಾಗಿ ೨೦೦೫ರಲ್ಲಿ ಭೋಪಾಲದಲ್ಲಿ ಇನ್ನೊಂದು ನಿಯಂತ್ರಣ ಕೇಂದ್ರ ತೆರೆಯಿತು. ಆದರೆ ಹಾಸನದ ಕೇಂದ್ರದಲ್ಲಿ ದೀಪ ಇಂದಿಗೂ ಆರಿಲ್ಲ.

ಈಗಿನ ಉಪಗ್ರಹಗಳ ವಿಷಯದಲ್ಲಿ ಒಂದು ಒಳ್ಳೆಯ ಪದ್ಧತಿ ಬೆಳೆದುಬಂದಿದೆ. ಆ ಕಕ್ಷೆಯಲ್ಲಿ ಜಾಗ ಅಮೂಲ್ಯ. ಸತ್ತ ಯಂತ್ರ ಅಲ್ಲೇ ಬಿದ್ದರೆ ಬರುವವರಿಗೆ ಅಡ್ಡಿ. ಆದ್ದರಿಂದ ಕುಡಿಕೆ ಪೂರ್ತಿ ಬರಿದಾಗುವ ಮೊದಲೇ, ಸುಮಾರು ಮೂರು ತಿಂಗಳ ಖರ್ಚಿಗೆ ಆಗುವಷ್ಟು ಇಂಧನವನ್ನು ಎತ್ತಿಟ್ಟು, ಅದರಿಂದ ಉಪಗ್ರಹವನ್ನು ಸುಮಾರು ಮುನ್ನೂರು ಕಿಲೋಮೀಟರ್ ಮೇಲಕ್ಕೆ ಏರಿಸಿ, ಠಾಣೆಯನ್ನು ತೆರವು ಮಾಡುತ್ತಾರೆ. ಇನ್ನೂ ಮೂರು ತಿಂಗಳು ಗಳಿಸಬಹುದಾಗಿದ್ದ ಯಂತ್ರವನ್ನು ಮುಂದೆ ಬರುವವರಿಗಾಗಿ ನಿಲ್ಲಿಸುವುದು ಲೆಕ್ಕದ ಪುಸ್ತಕದಲ್ಲಿ ನಷ್ಟದ ಬಾಬಿನಂತೆ ಕಂಡೀತು. ನಮ್ಮ ಹಿರಿಯರು ಪರವೂರಿನ ಬಾಡಿಗೆಯ ಕೋಣೆಗಳಲ್ಲಿದ್ದುಕೊಂಡು, ತಮ್ಮ ಸಂಬಳದಲ್ಲಿ ಒಂದಿಷ್ಟನ್ನು ಎತ್ತಿಟ್ಟು ಕನ್ನಡ ಸಂಘಗಳನ್ನೂ ಕನ್ನಡ ಶಾಲೆಗಳನ್ನೂ ಕಟ್ಟಿದಾಗಲೂ ಲೆಕ್ಕ ಹೀಗೆಯೇ ಕಂಡಿರಬೇಕು. ಆ ಶಿಲ್ಕಿನ ಮೇಲೆ ನಾವು ಇಂದು ಹಬ್ಬ ಮಾಡುತ್ತಿದ್ದೇವೆ. ಇನ್ನೆಷ್ಟು ಉಳಿದಿದೆ, ನಾವು ಎಷ್ಟನ್ನು ಎತ್ತಿಟ್ಟಿದ್ದೇವೆ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಲು ರಾಜ್ಯೋತ್ಸವಕ್ಕಿಂತ ತಕ್ಕ ದಿನ ಬೇರೆ ಯಾವುದು?